ನನ್ನ ಕರಡಿ ಶಿಕಾರಿಯ ಸಿದ್ಧತೆ

“ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಈ ಕರಡಿ ಕಾಡಿನ ಮೃಗವಲ್ಲ, ಪೂಜೆಯ ವೇಳೆ ಬಾರಿಸುವ ಕರಡಿ ಎಂಬ ಚರ್ಮವಾದ್ಯ ಎಂದು ಹೇಳುವವರಿದ್ದಾರೆ. ನಮ್ಮ ಕನ್ನಡ ಅಧ್ಯಾಪಕರೂ ತರಗತಿಯಲ್ಲಿ ಹಾಗೆಯೇ ವಿವರಿಸಿದ್ದರು. ಅದು ನಿಜವೇ ಇರಬಹುದು. ಆದರೆ ನನ್ನ ಪಾಲಿಗೆ ಶಿವಪೂಜೆಯ ನಡುವೆ ಬಂದದ್ದು ಮಾತ್ರ ನಾಲ್ಕು ಕಾಲಿನ, ಮೈತುಂಬ ಕೂದಲಿನ ಕರಡಿಯೇ.

ಅದು ಶಿವರಾತ್ರಿಯ ಜಾಗರಣೆ. ಹಾಸ್ಟೆಲಿನ ಮಹಡಿಯ ಮೇಲೆ ಹತ್ತು ಹನ್ನೆರಡು ಮಂದಿ ಕಂಬಳಿ ಹೊದ್ದು ಕುಳಿತಿದ್ದೆವು. ಭಜನೆ ಹನ್ನೊಂದಕ್ಕೇ ಮುಗಿದುಹೋಯಿತು. ಉಳಿದ ರಾತ್ರಿಯನ್ನು ತಳ್ಳಲು ಒಬ್ಬೊಬ್ಬರೂ ತಮ್ಮ ಊರಿನ ಪ್ರತಾಪವನ್ನು ಹೇಳಬೇಕೆಂದು ತೀರ್ಮಾನವಾಯಿತು. ನಾನು ಮಲೆನಾಡಿನವನು. ಆನೆ, ಕಾಟಿ, ಕಾಳಿಂಗ ಸರ್ಪ ಎಲ್ಲವನ್ನೂ ದಿನವೂ ಕಂಡು ಮಾತನಾಡಿಸುವವನಂತೆ ಅರ್ಧ ಗಂಟೆ ಕೊಚ್ಚಿಕೊಂಡೆ. ಕಾಟಿಯನ್ನು ಒಮ್ಮೆ ದೂರದಿಂದ ಕಂಡದ್ದು ನಿಜ. ಉಳಿದುದೆಲ್ಲ ಅಜ್ಜನ ಬಾಯಿಂದ ಕೇಳಿದ್ದು. ನನ್ನ ಕೊಠಡಿಯ ಗೆಳೆಯ ಕಮಲಾಪುರದ ಕಡೆಯವನು. ಅಷ್ಟು ಹೊತ್ತೂ ಸುಮ್ಮನಿದ್ದವನು, “ಅದೆಲ್ಲ ಇರ್ಲಿ, ಕರಡಿ ನೋಡೀಯೇನಲೇ?” ಎಂದ. ನಾನು ತಡವರಿಸಿದೆ. “ನಮ್ಮ ಕಡೆ ಅವು ಸಂಜಿ ಆತಂದ್ರ ಗುಡ್ಡ ಇಳೀತಾವ. ಯುಗಾದಿಗೆ ಬಾ, ಶಿಕಾರಿ ಮಾಡೋಣು” ಎಂದ. ಹತ್ತು ಜನರ ಎದುರಿಗೆ ಒಲ್ಲೆನೆನ್ನುವುದು ಹೇಗೆ? ಒಪ್ಪಿಕೊಂಡೆ.

ಶಿಕಾರಿ ಎಂದೊಡನೆ ಪ್ರಾಂಶುಪಾಲರು ಗಾಬರಿಗೊಳ್ಳಬೇಕಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲೇ ನಮ್ಮ ಕರಡಿಗೆ ಸ್ಥಾನವಿದೆ. ಅದರ ಮೇಲೆ ಕೈಯೆತ್ತಿದವನು ಸೆರೆಮನೆಗೆ ಹೋಗಬೇಕಾಗುತ್ತದೆ. ನಮ್ಮದು ಕೇವಲ ಕಣ್ಣಿನ ಶಿಕಾರಿ. ಹೋಗಬೇಕಾದ ಸ್ಥಳ ದರೋಜಿಯ ಕರಡಿಧಾಮ. ಹಂಪಿಯಿಂದ ಬಹು ದೂರವೇನಲ್ಲ. 1994ರಲ್ಲಿ ಕರಡಿಗಳಿಗಾಗಿಯೇ ಮೀಸಲಾದ ಕುರುಚಲು ಕಾಡು. ದರೋಜಿ ಎಂಬ ಹೆಸರನ್ನು ನಾನು ಅದುವರೆಗೆ ಕೇಳಿದ್ದುದು ಬುರ್ರಕಥೆಯ ನಾಡೋಜ ಈರಮ್ಮನವರ ಊರೆಂದು ಮಾತ್ರ. ಅದು ಕರಡಿಗಳ ಊರೂ ಹೌದೆಂದು ಆ ರಾತ್ರಿ ತಿಳಿಯಿತು. ಕಿಷ್ಕಿಂಧೆ ಅಲ್ಲೇ ಇತ್ತೆಂದು ಜನ ನಂಬುವುದರಿಂದ, ಜಾಂಬವಂತನ ಬಳಗ ಇನ್ನೂ ಆ ಗುಡ್ಡಗಳನ್ನು ಬಿಟ್ಟುಹೋಗಿಲ್ಲವೆನ್ನಬಹುದು.

ಯುಗಾದಿಗೆ ನಾಲ್ಕು ವಾರಗಳಿಗೂ ಹೆಚ್ಚು ಸಮಯವಿತ್ತು. ಸಿದ್ಧತೆಗೆ ತೊಡಗಿದೆ.

ಮೊದಲ ಸಿದ್ಧತೆ ಪುಸ್ತಕದ್ದು. ಕಲಾ ವಿಭಾಗದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಆಯುಧ ಬೇರೆ ಯಾವುದಿದೆ? ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಓದಿದಂತೆಲ್ಲ ಕರಡಿಯ ವಿಚಾರದಲ್ಲಿ ನನ್ನ ಅಜ್ಞಾನ ಎಷ್ಟೆಂಬುದು ಗೊತ್ತಾಗುತ್ತ ಬಂತು. ನಮ್ಮ ನಾಡಿನ ಕರಡಿಯ ಮುಖ್ಯ ಆಹಾರ ಗೆದ್ದಲು, ಇರುವೆ, ಹಣ್ಣು, ಜೇನು. ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. ಉಗುರಿನಿಂದ ಹುತ್ತವನ್ನು ಬಗೆದು, ಮಣ್ಣನ್ನು ಊದಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಆ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ಹೀರುವ ಸದ್ದು ನೂರು ಮೀಟರಿಗೂ ಆಚೆ ಕೇಳಿಸುತ್ತದೆಯಂತೆ. ನಮ್ಮ ಹಾಸ್ಟೆಲಿನ ಸಾರಿನ ಪಂಕ್ತಿಯ ನೆನಪಾಯಿತು. ಹಿಮದ ನಾಡಿನ ಕರಡಿಗಳಂತೆ ಇದು ಚಳಿಗಾಲವಿಡೀ ಮಲಗುವುದಿಲ್ಲ. 1791ರಲ್ಲಿ ಜಾರ್ಜ್ ಷಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಇದರ ಉದ್ದ ಉಗುರು ಮತ್ತು ವಿಚಿತ್ರವಾದ ಹಲ್ಲುಗಳನ್ನು ಕಂಡು, ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ತಲೆಕೆಳಗಾಗಿ ಜೋತುಬೀಳುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಬಳಗಕ್ಕೆ ಇದನ್ನು ಸೇರಿಸಿಬಿಟ್ಟ. ತಪ್ಪು ತಿಳಿದ ಮೇಲೂ ಇಂಗ್ಲಿಷಿನಲ್ಲಿ ಆ ಹೆಸರು ಹಾಗೆಯೇ ಉಳಿದುಕೊಂಡಿದೆ. ಸರಿಯಾಗಿ ನೋಡದೆ ಹೆಸರಿಟ್ಟರೆ ಹೀಗಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನೆಮ್ಮದಿಯಿರುತ್ತಿತ್ತು. ದುರಾಸೆಯಿಂದ ಕೆನೆತ್ ಆಂಡರ್ಸನ್ನರ 1957ರ ಪುಸ್ತಕವೊಂದನ್ನು ತೆಗೆದೆ. ಅರಸೀಕೆರೆಯ ಸುತ್ತ ಹನ್ನೆರಡು ಮಂದಿಯನ್ನಾದರೂ ಕೊಂದು, ಇಪ್ಪತ್ತನಾಲ್ಕು ಮಂದಿಯನ್ನಾದರೂ ವಿರೂಪಗೊಳಿಸಿದ ಕರಡಿಯೊಂದರ ಕಥೆ ಅದರಲ್ಲಿದೆ. ಮರಿಗಳನ್ನು ಕಳೆದುಕೊಂಡ ತಾಯಿಯೇ ಹಾಗೆ ಹಗೆ ಸಾಧಿಸಿತೆಂಬುದು ಆ ಕರಡಿಯ ಬಗ್ಗೆ ಇರುವ ಊಹೆಗಳಲ್ಲಿ ಒಂದು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪ್ರಾಥಮಿಕ ಶಾಲೆಯ ಪಾಠದಲ್ಲಿ ಉಸಿರು ಬಿಗಿಹಿಡಿದು ಸತ್ತಂತೆ ಮಲಗಿ ಕರಡಿಯಿಂದ ಪಾರಾದ ಗೆಳೆಯನನ್ನು ನೆನೆದು, ಹಾಸಿಗೆಯ ಮೇಲೆ ಎಷ್ಟು ಹೊತ್ತು ಉಸಿರು ಹಿಡಿಯಬಲ್ಲೆನೆಂದು ಪರೀಕ್ಷಿಸಿಕೊಂಡೆ. ನಲವತ್ತು ಸೆಕೆಂಡು. ಸಾಲದೆಂದು ತೋರಿತು.

ಎರಡನೆಯ ಸಿದ್ಧತೆ ನೆಲದ್ದು. ಭೂಗೋಳದ ಅಧ್ಯಾಪಕರ ಬಳಿ ಹೋಗಿ ಬಳ್ಳಾರಿಯ ಸೀಮೆ ಹೇಗಿರುತ್ತದೆಂದು ಕೇಳಿದೆ. ಅವರು ನಗದೆ, ಕರಿಹಲಗೆಯ ಮೇಲೆ ಒಂದು ಬಂಡೆಗುಡ್ಡವನ್ನು ಬರೆದು ತೋರಿಸಿದರು. ಅದು ಮಳೆ ನೆರಳಿನ ಪ್ರದೇಶ, ಗ್ರಾನೈಟ್ ಶಿಲೆಯ ನಾಡು. ಹಗಲು ಬಂಡೆ ಕಾದಾಗ ಗಾಳಿ ಗುಡ್ಡವನ್ನು ಏರುತ್ತದೆ, ಹೊತ್ತು ಮುಳುಗಿ ತಂಪಾದ ಮೇಲೆ ಇಳಿಯುತ್ತದೆ. “ಆದ್ದರಿಂದ ಮಧ್ಯಾಹ್ನ ನೀನು ಕೆಳಗೆ ನಿಂತಿದ್ದರೆ ನಿನ್ನ ವಾಸನೆ ಮೇಲಿನ ಗುಹೆಗೆ ಮೊದಲೇ ತಲುಪಿರುತ್ತದೆ” ಎಂದರು. ಅವರ ಸ್ವಂತ ದುರ್ಬೀನನ್ನೂ ಕೊಟ್ಟು, ಗಾಜನ್ನು ಅಂಗಿಯ ಚುಂಗಿನಿಂದ ಒರೆಸಕೂಡದೆಂದು ಎರಡು ಸಲ ಹೇಳಿದರು.

ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ವಸಂತಕಾಲದ ಕರಡಿ ಬೇಟೆಗೆ ಇಂದಿಗೂ ಸರ್ಕಾರದ ಅನುಮತಿಯಿದೆ. ಅಲ್ಲಿ ಕಪ್ಪು ಕರಡಿಯ ಪರವಾನಿಗೆ ಬೇಕಾದವನು ಮೊದಲು ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಚಿತ್ರಗಳನ್ನು ನೋಡಿ ಇದು ಕಪ್ಪು ಕರಡಿ, ಇದು ಹೊಡೆಯಬಾರದ ಗ್ರಿಜ್ಲಿ ಎಂದು ಭುಜದ ಗುಬ್ಬು, ಕಿವಿ, ಉಗುರುಗಳಿಂದ ಗುರುತಿಸಬೇಕು. ಬಣ್ಣವನ್ನು ನಂಬುವಂತಿಲ್ಲ, ಕಪ್ಪು ಕರಡಿ ಕಂದಾಗಿಯೂ ಇರಬಹುದು. ಮರಿಯಿರುವ ತಾಯಿಯನ್ನು ಹೊಡೆಯುವುದು ಅಪರಾಧ. ತಾಯಿ ಮರಿಗಳನ್ನು ಮರ ಹತ್ತಿಸಿ ತಾನೊಬ್ಬಳೇ ಬಯಲಿಗೆ ಬಂದಿರಬಹುದಾದ್ದರಿಂದ, ಕರಡಿ ಕಂಡ ಕೂಡಲೇ ಬಂದೂಕೆತ್ತದೆ ಬಹಳ ಹೊತ್ತು ಸುಮ್ಮನೆ ನೋಡಬೇಕೆಂದು ಹೊಸಬರಿಗೆ ಬುದ್ಧಿ ಹೇಳುತ್ತಾರೆ. ಕೊಲ್ಲಲು ಹೋಗುವವನಿಗೇ ಇಷ್ಟು ಪಾಠವಿದೆಯಲ್ಲ ಎಂದು ಆಶ್ಚರ್ಯಪಟ್ಟು, ಅದನ್ನು ಅಲ್ಲಿಗೇ ಮರೆತೆ.

ಯುಗಾದಿಗೆ ಹತ್ತು ದಿನವಿರುವಾಗ ಎರಡು ದಿನದ ಮಟ್ಟಿಗೆ ಊರಿಗೆ ಹೋದೆ. ಅಮ್ಮ ಸುದ್ದಿ ಕೇಳಿದೊಡನೆ, “ಹಬ್ಬದ ದಿನ ಹೋಳಿಗೆ ಬಿಟ್ಟು ಕರಡಿ ಹುಡುಕ್ಕೊಂಡು ಹೋಗ್ತಾನಂತೆ” ಎಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಅಜ್ಜ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು.

“ಎಲ್ಲಿಗೆ ಅಂದೆ?”

“ದರೋಜಿಗೆ ಅಜ್ಜ. ಸಂಡೂರಿನ ಹತ್ತಿರ.”

ಅಡಕತ್ತರಿ ನಿಂತಿತು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಬಳಿಕ, “ನಾಳೆ ಬೆಳಿಗ್ಗೆ ಬೇಗ ಏಳು ಮಗಾ” ಎಂದರಷ್ಟೆ.

ನಮ್ಮ ಅಜ್ಜ ಒಂದು ಕಾಲದಲ್ಲಿ ಹೆಸರಾದ ಶಿಕಾರಿಯವರು ಎಂದು ಊರಿನವರು ಹೇಳುವುದನ್ನು ನಾನು ಕೇಳಿದ್ದೆ. ಆದರೆ ಅವರು ಕೋವಿ ಹಿಡಿದುದನ್ನು ನನ್ನ ಅಮ್ಮನೂ ಕಂಡವಳಲ್ಲ. ಆನೆಯ ಕಥೆ, ಕಾಟಿಯ ಕಥೆ ಎಷ್ಟೋ ಹೇಳಿದ್ದಾರೆ. ಕರಡಿಯ ಕಥೆ ಒಂದೂ ಇಲ್ಲ. ಆ ಎರಡು ದಿನ ಅವರು ನನಗೆ ಕೊಟ್ಟ ಶಿಕ್ಷಣದ ಮುಂದೆ ನನ್ನ ಮೂರು ವಾರದ ಗ್ರಂಥಾಲಯ ಏನೂ ಅಲ್ಲ.

ಮೊದಲು ಕೂರುವ ಪಾಠ. ತೋಟದ ಅಂಚಿನ ಹಲಸಿನ ಮರದ ಬುಡದಲ್ಲಿ ಕೂರಿಸಿ, ಅಲ್ಲಾಡಬೇಡ ಎಂದರು. ಅರ್ಧ ಗಂಟೆಯ ನಂತರ ಹಿಂದಿನಿಂದ ಬಂದು, “ಒಂಬತ್ತು ಸಲ ಸೊಳ್ಳೆ ಹೊಡ್ದೆ. ಕರಡಿಗೆ ಕಣ್ಣು ಮಂದ, ನಿಜ. ಆದರೆ ಅಲ್ಲಾಡಿದ್ದು ಕಾಣ್ತದೆ” ಎಂದರು. ಆಮೇಲೆ ಗಾಳಿಯ ಪಾಠ. ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ಮೆಲ್ಲನೆ ಕೊಡವಿದರು. ಅದು ತೇಲಿದ ಕಡೆಗೆ ನಮ್ಮ ವಾಸನೆ ಹೋಗುತ್ತದೆ. ಭೂಗೋಳದ ಅಧ್ಯಾಪಕರು ಸುಣ್ಣದ ಕಡ್ಡಿಯಲ್ಲಿ ಬರೆದುದನ್ನೇ ಅಜ್ಜ ಬೂದಿಯಲ್ಲಿ ಬರೆದರು. ಆಮೇಲೆ ನಡೆಯುವ ಪಾಠ. ಕರಡಿಯ ಕಾಡಿನಲ್ಲಿ ಕಳ್ಳನಂತೆ ನಡೆಯಬಾರದು. ಮಾತನಾಡುತ್ತ, ಕೋಲು ಕುಟ್ಟುತ್ತ ನಡೆಯಬೇಕು. ತಲೆ ತಗ್ಗಿಸಿ ಹುತ್ತ ಬಗೆಯುವ ಪ್ರಾಣಿಗೆ ಮನುಷ್ಯ ಹತ್ತಿರ ಬಂದದ್ದು ತಿಳಿಯುವುದಿಲ್ಲ. ತಿಳಿದಾಗ ಅದಕ್ಕೂ ದಿಗಿಲು, ಆ ದಿಗಿಲಿನಲ್ಲಿ ಮೈಮೇಲೆ ಬೀಳುತ್ತದೆ. ಬಿದ್ದರೆ ಮುಖ ಕೆಳಗೆ ಮಾಡಿ, ಕುತ್ತಿಗೆಯ ಹಿಂದೆ ಕೈ ಕಟ್ಟಿ ಮಲಗಬೇಕು. ಹೊಸದಾಗಿ ಬಗೆದ ಹುತ್ತ, ಬೀಜ ತುಂಬಿದ ಹಿಕ್ಕೆ, ಮರದ ತೊಗಟೆಯ ಮೇಲಿನ ಉಗುರಿನ ಗೀರು, ಮನುಷ್ಯನ ಪಾದದಂತೆ ಕಾಣುವ ಹಿಂಗಾಲಿನ ಗುರುತು — ಇವು ಕಂಡಲ್ಲಿ ಮುಂದೆ ಹೋಗದೆ ಹಿಂದಿರುಗಬೇಕು.

ಎರಡನೆಯ ದಿನ ಸಂಜೆ ಚೀಲ ಕಟ್ಟುತ್ತಿದ್ದಾಗ ಅಜ್ಜ ಬಂದು ಪಕ್ಕದಲ್ಲಿ ಕುಳಿತರು.

“ಕಡೇ ಮಾತು ಒಂದಿದೆ. ಕರಡಿ ಕಂಡ ಕೂಡಲೇ ಮೊದಲು ಬೆನ್ನು ನೋಡು. ತಲೆ ಅಲ್ಲ, ಎದೆ ಅಲ್ಲ. ಬೆನ್ನು.”

ಏಕೆಂದು ಕೇಳಿದೆ. ಆಗ ಹೇಳಿದರು.

1968. ಅವರಿಗೆ ಇಪ್ಪತ್ತೆರಡು ವರ್ಷ. ನೆಂಟರೊಬ್ಬರ ಲಾರಿಯ ಜೊತೆ ಸಂಡೂರಿನ ಅದಿರು ಗಣಿಯ ಕಡೆ ಕೆಲಸಕ್ಕೆ ಹೋಗಿದ್ದರು. ಮಲೆನಾಡಿನ ಶಿಕಾರಿ ಬಂದಿದ್ದಾನೆಂದು ಅಲ್ಲಿಯವರು ಕೋವಿ ಕೊಟ್ಟು ಕರೆದರು. ಶಿವರಾತ್ರಿ ಕಳೆದಿತ್ತು. “ನಮ್ಮ ಹಳುವಿನಲ್ಲಾದರೆ ಒಣಗಿದ ಎಲೆಯ ಸದ್ದಿನಲ್ಲೇ ಯಾವ ಪ್ರಾಣಿ ಅಂತ ಹೇಳ್ತಿದ್ದೆ. ಅದು ಬರೀ ಕಲ್ಲಿನ ಸೀಮೆ. ಹೊತ್ತು ಇಳೀತು ಅಂದ್ರೆ ಎಲ್ಲಾ ಬಂಡೆಯೂ ಕರಡಿ ಹಾಗೇ ಕಾಣ್ತಿತ್ತು. ಮೂರು ಸಂಜೆ ಕೂತರೂ ಏನೂ ಸಿಗಲಿಲ್ಲ. ಹೊರಗಿನಿಂದ ಬಂದವನು, ಬರಿಗೈಯಲ್ಲಿ ಹೋದರೆ ನಗ್ತಾರೆ ಅಂತ ಮನಸ್ಸಿನಲ್ಲಿ ಬಂದುಬಿಡ್ತು. ನಾಲ್ಕನೇ ಸಂಜೆ ಒಂದು ಬಂಡೆ ಹಿಂದಿನಿಂದ ಬಂತು. ಬೆನ್ನು ಬಹಳ ಎತ್ತರ ಕಂಡಿತು. ದೊಡ್ಡ ಗಂಡು ಅಂದುಕೊಂಡೆ.”

ಅಜ್ಜ ಸ್ವಲ್ಪ ತಡೆದು ಮುಂದುವರಿಸಿದರು. “ಬಿದ್ದ ಮೇಲೆ ಬೆನ್ನಿನಿಂದ ಎರಡು ಮರಿ ಉರುಳಿದುವು. ನಾನು ಹತ್ತಿರ ಹೋದರೂ ಓಡಲಿಲ್ಲ. ಮತ್ತೆ ಹತ್ತೋದಕ್ಕೆ ನೋಡ್ತಿದ್ದುವು.”

ಒಂದು ಮರಿ ಮೇಕೆಯ ಹಾಲು ಕುಡಿಸಿದರೂ ಮೂರೇ ದಿನದಲ್ಲಿ ಸತ್ತಿತು. ಇನ್ನೊಂದನ್ನು ದಾರಿಯಲ್ಲಿ ಹೋಗುತ್ತಿದ್ದ ಕರಡಿ ಕುಣಿಸುವವನೊಬ್ಬ ಕೇಳಿ ಪಡೆದುಕೊಂಡು ಹೋದ. ಅಜ್ಜ ಊರಿಗೆ ಬಂದವರು ಮತ್ತೆ ಕೋವಿ ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮ ಆಗ ಮೆಲ್ಲನೆ, “ನಾವು ಚಿಕ್ಕವರಿದ್ದಾಗ ಕರಡಿ ಕುಣಿಸೋರು ಊರಿಗೆ ಬಂದರೆ ನಮ್ಮನ್ನೆಲ್ಲ ಅದರ ಬೆನ್ನ ಮೇಲೆ ಕೂರಿಸ್ತಿದ್ರು, ಹೆದರಿಕೆ ಹೋಗ್ತದೆ ಅಂತ. ಅಪ್ಪ ಮಾತ್ರ ಒಂದು ಸೇರು ಅಕ್ಕಿ ಕೊಡಿಸಿ ತೋಟಕ್ಕೆ ಹೋಗಿಬಿಡ್ತಿದ್ರು. ಡಮರುಗದ ಸದ್ದು ನಿಲ್ಲೋವರೆಗೂ ಬರ್ತಿರಲಿಲ್ಲ” ಎಂದಳು. ಅದು ಏಕೆಂದು ಅವಳಿಗೂ ಆ ಹೊತ್ತಿನವರೆಗೆ ಗೊತ್ತಿರಲಿಲ್ಲ. ಈಗ ಆ ಡಮರುಗಗಳೂ ಇಲ್ಲ. 2005ರಲ್ಲಿ ಬನ್ನೇರುಘಟ್ಟದಲ್ಲಿ ಕುಣಿತದ ಕರಡಿಗಳಿಗೆ ಆಶ್ರಯಧಾಮವಾಯಿತು. 2009ರ ಹೊತ್ತಿಗೆ ನಮ್ಮ ದೇಶದ ಬೀದಿಗಳಲ್ಲಿ ಕರಡಿ ಕುಣಿತ ಹೆಚ್ಚುಕಡಿಮೆ ನಿಂತುಹೋಯಿತು.

ನನ್ನ ಚೀಲದಲ್ಲಿ ಕ್ಯಾನ್‌ವಾಸ್ ಬೂಟು, ಮಣ್ಣಿನ ಬಣ್ಣದ ಅಂಗಿ, ನೀರಿನ ಎರಡು ಬಾಟಲಿ, ದುರ್ಬೀನು, ಅಜ್ಜ ಕಟ್ಟಿಕೊಟ್ಟ ಬೂದಿಯ ಗಂಟು ಇದ್ದುವು. ಶಿವರಾತ್ರಿಯ ರಾತ್ರಿ ಕೊಚ್ಚಿಕೊಂಡ ಮಾತುಗಳೂ ಮನಸ್ಸಿನಲ್ಲಿದ್ದುವು. ಆದರೆ ಅವು ಮೊದಲಿನಷ್ಟು ಹಗುರವಾಗಿರಲಿಲ್ಲ.

ಯುಗಾದಿಯ ಮರುದಿನ ಹೊಸಪೇಟೆಯಲ್ಲಿ ಬಸ್ಸಿಳಿದೆ. ಮಲೆನಾಡಿನ ಕಣ್ಣಿಗೆ ಆ ಸೀಮೆ ಬೇರೊಂದು ಲೋಕವೇ ಸರಿ. ಯಾರೋ ದೈತ್ಯರ ಮಕ್ಕಳು ಆಡಿ ಬಿಟ್ಟುಹೋದಂತೆ ಬಂಡೆಯ ಮೇಲೆ ಬಂಡೆ. ನಡುನಡುವೆ ಜಾಲಿ, ಬೋರೆ, ಕವಳೆಯ ಮುಳ್ಳು ಪೊದೆಗಳು. ಬಿಸಿಲು ಮೇಲಿನಿಂದಲೂ ಕಲ್ಲಿನಿಂದಲೂ ಬಂದು ಬಡಿಯುತ್ತದೆ. ಗೆಳೆಯನ ತಾಯಿ ಬೇವು ಬೆಲ್ಲ ಕೈಗಿಟ್ಟು, “ಬರ್ರೀ ಅಪ್ಪಾ, ದೂರದಿಂದ ಬಂದೀರಿ” ಎಂದು ಉಪಚರಿಸಿದರು. ಮಧ್ಯಾಹ್ನ ಎರಡಕ್ಕೆ ಕರಡಿಧಾಮದ ವೀಕ್ಷಣಾ ಗೋಪುರವನ್ನು ಹತ್ತಿದೆವು. ಎದುರಿಗೆ ಕರಡಿಕಲ್ಲು ಗುಡ್ಡ. ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಹಿಂದಿರುಗಿದರು. ಬೂದಿ ಕೊಡವಿದೆ, ಗುಡ್ಡದ ಕಡೆಗೇ ತೇಲಿತು. “ಇಲ್ಲಿ ಅವಕ್ಕ ದಿನಾ ಮನುಷ್ಯರ ವಾಸನಿ ರೂಢಿ ಆಗೇದ ಬಿಡಲೇ” ಎಂದ ಗೆಳೆಯ.

ಮೊದಲು ಬೆಲ್ಲಕ್ಕೆ ಬಂದದ್ದು ಮುಂಗುಸಿ. ಆಮೇಲೆ ನವಿಲುಗಳು. ಮೂರು ಗಂಟೆ, ನಾಲ್ಕು ಗಂಟೆ. ಅಜ್ಜ ಹೇಳಿದಂತೆ ಎಲ್ಲ ಬಂಡೆಯೂ ಕರಡಿಯಾಗಿ ಕಾಣತೊಡಗಿತು. ಒಂದು ಬಂಡೆಯನ್ನಂತೂ ನಾನು ಹತ್ತು ನಿಮಿಷ ಭಕ್ತಿಯಿಂದ ನೋಡಿದೆ. ಹಾಸ್ಟೆಲಿನವರಿಗೆ ತೋರಿಸಲು ಒಂದು ಫೋಟೋ ಆದರೂ ಬೇಕಲ್ಲ ಎಂದು ಮೊಬೈಲನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಐದು ಗಂಟೆಯ ಸುಮಾರಿಗೆ ಗೆಳೆಯ ನನ್ನ ಮೊಣಕೈ ಒತ್ತಿದ. ಎರಡು ಬಂಡೆಗಳ ನಡುವಿನಿಂದ ಕಪ್ಪಗೆ ಒಂದು ಹೊರಬಂತು.

ಬೆನ್ನು ಎತ್ತರವಾಗಿತ್ತು. “ದೊಡ್ಡ ಗಂಡು” ಎಂಬ ಮಾತು ನನ್ನ ಬಾಯಿಗೂ ಬಂತು. ಬಂದೊಡನೆ ಮೈ ಜುಮ್ಮೆಂದಿತು. ಮೊಬೈಲನ್ನು ಕೆಳಗಿಟ್ಟು ದುರ್ಬೀನನ್ನು ತೆಗೆದೆ. ಕೈ ನಡುಗುತ್ತಿದ್ದುದರಿಂದ ಮೊಣಕೈಗಳನ್ನು ಕಟ್ಟೆಗೆ ಊರಿ, ಉಸಿರು ಹಿಡಿದು, ಬೆನ್ನನ್ನೇ ನೋಡಿದೆ. ಕಪ್ಪು ಕೂದಲಿನಲ್ಲಿ ಕಪ್ಪು ಕೂದಲು, ಏನೂ ತಿಳಿಯಲಿಲ್ಲ. ಆಮೇಲೆ ಆ ಕೂದಲಿನೊಳಗಿನಿಂದ ಒಂದು ಬೂದುಬಣ್ಣದ ಮೂತಿ ಎದ್ದಿತು. ಅದರ ಹಿಂದೆ ಇನ್ನೊಂದು.

ತಾಯಿ ಬೆಲ್ಲದ ಬಂಡೆಗೆ ಬಂದು ಎದ್ದು ನಿಂತಿತು. ಎದೆಯ ಮೇಲಿನ ಬಿಳಿಯ ಪಟ್ಟೆ ಕಾಣಿಸಿತು. ಮರಿಗಳು ಜಾರಿ ಇಳಿದು, ಕಲ್ಲು ನೆಕ್ಕಿ, ಒಂದನ್ನೊಂದು ತಳ್ಳಾಡಿದುವು. ಎಲ್ಲೋ ಒಂದು ನವಿಲು ಕೂಗಿತು. ಮರಿಗಳೆರಡೂ ಓಡಿ ಬಂದು, ತಾಯಿಯ ಕೂದಲನ್ನು ಹಿಡಿದು, ಒಂದು ಭುಜದ ಕಡೆಯಿಂದ, ಇನ್ನೊಂದು ಸೊಂಟದ ಕಡೆಯಿಂದ ಏರಿ ಕುಳಿತುವು. ತಾಯಿ ಅವಸರವಿಲ್ಲದೆ ಬಂಡೆಗಳ ಹಿಂದೆ ಹೋಯಿತು. ಎಲ್ಲ ಸೇರಿ ಹತ್ತು ನಿಮಿಷವಾಗಿರಬಹುದು. ಮೊಬೈಲು ಕೆಳಗೇ ಇತ್ತು.

ಕಾಲೇಜಿಗೆ ಹಿಂದಿರುಗುವ ಮೊದಲು ಊರಿಗೆ ಹೋದೆ. ಅಜ್ಜ ಜಗಲಿಯಲ್ಲೇ ಇದ್ದರು. ನಾನು ಬೂಟು ಬಿಚ್ಚುವವರೆಗೂ ಕಾದು ಕೇಳಿದರು: “ಬೆನ್ನು ನೋಡಿದೆಯಾ?”

“ನೋಡಿದೆ ಅಜ್ಜ. ಎರಡಿದ್ದುವು.”

“ಇಳಿದುವಾ?”

“ಇಳಿದುವು.”

“ಮತ್ತೆ ಹತ್ತಿದುವಾ?”

“ಹತ್ತಿದುವು ಅಜ್ಜ. ಎರಡೂ ಹತ್ತಿದುವು. ಹೋದುವು.”

ಅಜ್ಜ ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಕೂಗಿ, ಹುಡುಗ ಹಸಿದು ಬಂದಿದ್ದಾನೆ, ಹೋಳಿಗೆ ಉಳಿದಿದ್ದರೆ ತನಗೂ ಒಂದು ಹಾಕೆಂದು ಅಮ್ಮನಿಗೆ ಹೇಳಿದರು.

ಫೋಟೋ ಎಲ್ಲಿ ಎಂದು ಹಾಸ್ಟೆಲಿನ ಗೆಳೆಯರು ಈಗಲೂ ಕೇಳುತ್ತಾರೆ. ಇಲ್ಲವೆಂದರೆ, “ಇವನು ಕಂಡದ್ದು ಬಂಡೆಯನ್ನೇ” ಎಂದು ನಗುತ್ತಾರೆ. ನಗಲಿ. ಗೊತ್ತಿಲ್ಲದ ನಾಡಿಗೆ ಹೋಗುವವನಿಗೆ ಕಣ್ಣಿಗಿಂತ ಕೈ ಮುಂದಾಗಬಾರದೆಂದು ಮೊಂಟಾನಾದ ಪರೀಕ್ಷೆ ಹೇಳುತ್ತದೆ, ನಮ್ಮ ಅಜ್ಜನೂ ಹೇಳುತ್ತಾರೆ. ನಾಲ್ಕು ಜನರ ನಗೆಗೆ ಹೆದರಿದರೆ ಕೈ ಮುಂದಾಗುತ್ತದೆ ಎಂಬುದನ್ನು ಅಜ್ಜನಿಂದಲೇ ಕಲಿತೆ. ಬೂದಿಯ ಗಂಟು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ದುರ್ಬೀನನ್ನು ಗಾಜು ಒರೆಸದೆ ಹಿಂದಿರುಗಿಸಿದ್ದೇನೆ.